ಚುಕ್ಕಾಣಿಯ ಮೂರು ಇಂಚು

ಫಾತೋರ್ಡಾದ ಜವಾಹರಲಾಲ್ ನೆಹರೂ ಕ್ರೀಡಾಂಗಣದ ಹೆಸರು ಫುಟ್ಬಾಲ್ ಆಟದಿಂದಾಗಿ ದೇಶಕ್ಕೆಲ್ಲ ತಿಳಿದಿದೆ. ಗೋವೆಯ ಕನ್ನಡಿಗರಿಗಾದರೋ ಆ ಊರಿನ ಪರಿಚಯವಾದದ್ದು ಬೇರೆ ದಾರಿಯಿಂದ. ಮಡಗಾಂವಿನ ಕದಂಬ ಬಸ್ ನಿಲ್ದಾಣವಿರುವುದು ಆ ಬದಿಯಲ್ಲಿ. ಹುಬ್ಬಳ್ಳಿ, ಬೆಳಗಾವಿ, ಕಾರವಾರಗಳ ಕಡೆಯಿಂದ ಗಂಟುಮೂಟೆಯೊಂದಿಗೆ ಬಂದಿಳಿದವರು ದಕ್ಷಿಣ ಗೋವೆಯ ನೆಲವನ್ನು ಮೊದಲು ಮೆಟ್ಟುವುದು ಅಲ್ಲೇ. 1980ರಲ್ಲಿ ಆರಂಭವಾದ ಸಾರಿಗೆ ನಿಗಮಕ್ಕೆ ಕದಂಬರ ಹೆಸರನ್ನಿಟ್ಟದ್ದು ಸುಮ್ಮನೆ ಅಲ್ಲ. ಗೋವೆಯ ಕದಂಬರು ಆಳಿದ ಚಂದ್ರಪುರ, ಇಂದಿನ ಚಾಂದೋರ್, ಇಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿದೆ. ಬನವಾಸಿಯ ನೆನಪನ್ನು ಹೊತ್ತ ಹೆಸರೊಂದು ಬಸ್ಸಿನ ಹಣೆಯ ಮೇಲೆ ದಿನವೂ ಓಡಾಡುತ್ತಿದೆಯೆಂಬುದು ಹೊರನಾಡಿನಲ್ಲಿರುವವರಿಗೆ ಸಣ್ಣ ಸಮಾಧಾನವೇನಲ್ಲ.

ಬಸ್ಸುಗಳ ಹಿಂದೆಯೇ ಲಾರಿಗಳೂ ಬರುತ್ತವೆ. ಘಟ್ಟದ ಮೇಲಿನ ತರಕಾರಿ, ಈರುಳ್ಳಿ, ಜೋಳಗಳನ್ನು ಹೊತ್ತು ಅನಮೋಡ ಘಟ್ಟವನ್ನೋ ಚೋರ್ಲಾ ಘಟ್ಟವನ್ನೋ ಇಳಿದು ಬಂದವುಗಳವು. ಇಂದು ಆ ಲಾರಿಗಳ ಚಾಲಕರು ಇಕ್ಕಟ್ಟಾದ ಜಾಗದಲ್ಲಿ ಒಂದೇ ಅಂಗೈಯಿಂದ ಸ್ಟಿಯರಿಂಗ್ ಚಕ್ರವನ್ನು ಸುತ್ತಿಸಿ ಗಾಡಿಯನ್ನು ಹಿಂದಕ್ಕೆ ನುಗ್ಗಿಸುತ್ತಾರೆ. ಐವತ್ತು ವರ್ಷಗಳ ಹಿಂದೆ ಇದೇ ಕೆಲಸಕ್ಕೆ ಎರಡು ಕೈ, ಎರಡು ಭುಜ, ಕೆಲವೊಮ್ಮೆ ಸೀಟಿನಿಂದ ಅರ್ಧ ಎದ್ದುನಿಂತ ದೇಹದ ಪೂರ್ತಿ ಭಾರ ಬೇಕಾಗುತ್ತಿತ್ತು. ಆ ಕಾಲದ ಲಾರಿಗಳಲ್ಲಿ ಉಳಿದುಕೊಂಡ ಬೆರಳೆಣಿಕೆಯವನ್ನು ಹುಡುಕಿ ತಂದು ತೊಳೆದು, ಬಣ್ಣ ಬಳಿದು, ಮತ್ತೆ ಓಡಿಸಬೇಕೆನ್ನುವವರು ಈಗ ಅಲ್ಲಲ್ಲಿ ಹುಟ್ಟಿಕೊಂಡಿದ್ದಾರೆ. ಎಂಜಿನ್ ದುರಸ್ತಿಯಾಗಿ, ಬ್ರೇಕ್ ಸರಿಯಾಗಿ, ಮೊದಲ ಸಲ ಚಾಲಕನ ಸ್ಥಾನದಲ್ಲಿ ಕುಳಿತಾಗ ಅವರಲ್ಲಿ ಬಹುತೇಕರಿಗೆ ಎದುರಾಗುವ ಪ್ರಶ್ನೆ ಒಂದೇ: ಎದೆಗೆ ತಾಗುವ, ತೊಡೆಯನ್ನು ಒತ್ತುವ ಈ ದೊಡ್ಡ ಚಕ್ರವನ್ನು ಚಿಕ್ಕದು ಮಾಡಿಸಬಾರದೇ?

ಮಾಡಿಸಬಹುದು. ಲೇತ್ ಮತ್ತು ವೆಲ್ಡಿಂಗ್ ಬಲ್ಲ ಕೈಗೆ ಅದೇನೂ ಅಸಾಧ್ಯವಲ್ಲ. ಆದರೆ ಹಾಗೆ ಮಾಡಿಸುವ ಮುನ್ನ ಆ ಚಕ್ರ ಅಷ್ಟು ದೊಡ್ಡದಾಗಿ ಏಕೆ ಹುಟ್ಟಿತೆಂಬುದನ್ನು ತಿಳಿಯಬೇಕು. ಇಲ್ಲವಾದರೆ ಕತ್ತರಿಸಿದ ಮೂರು ಇಂಚು ಬೇರೆಲ್ಲೋ ಬೆಲೆ ಕೇಳುತ್ತದೆ.

ಮೊದಲಿನ ಮೋಟಾರು ಗಾಡಿಗಳಿಗೆ ಚಕ್ರವೇ ಇರಲಿಲ್ಲ. ದೋಣಿಯ ಚುಕ್ಕಾಣಿಯಂತಹ ಒಂದು ಹಿಡಿಕೋಲನ್ನು ಅತ್ತಿತ್ತ ದೂಡಿ ಅವನ್ನು ತಿರುಗಿಸುತ್ತಿದ್ದರು. 1894ರ ಪ್ಯಾರಿಸ್–ರೂವಾಂ ಓಟದಲ್ಲಿ ಆಲ್ಫ್ರೆಡ್ ವಾಶರೋನ್ ತನ್ನ ಪಾನ್ಹಾರ್ ಗಾಡಿಗೆ ಚಕ್ರವನ್ನು ಜೋಡಿಸಿಕೊಂಡು ಬಂದನೆಂದು ಮೋಟಾರು ಚರಿತ್ರೆ ಹೇಳುತ್ತದೆ. ಕೆಲವೇ ವರ್ಷಗಳಲ್ಲಿ ಹಿಡಿಕೋಲು ಮೂಲೆ ಸೇರಿತು. ಕನ್ನಡದ ಬರಹದಲ್ಲಿ ಮಾತ್ರ ‘ಚುಕ್ಕಾಣಿ’ ಎಂಬ ಹಡಗಿನ ಮಾತು ಇಂದಿಗೂ ಉಳಿದಿದೆ. ಗ್ಯಾರೇಜಿನಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಅಲ್ಲಿ ಎಲ್ಲವೂ ‘ಸ್ಟೇರಿಂಗ್’.

ಗಾಡಿಗಳ ತೂಕ ಏರಿದಂತೆ ಚಕ್ರದ ವ್ಯಾಸವೂ ಏರಿತು. ಕಾರಣ ಹಳ್ಳಿಯ ಏತದಲ್ಲಿಯೂ ಗಾಣದಲ್ಲಿಯೂ ಕಾಣುವ ಅದೇ ಸನ್ನೆಯ ನಿಯಮ. ಕಂಬವನ್ನು ತಿರುಚುವ ಬಲವೆಂದರೆ ಕೈಯ ಬಲ ಮತ್ತು ಕೇಂದ್ರದಿಂದ ಕೈಗಿರುವ ದೂರ, ಇವೆರಡರ ಗುಣಲಬ್ಧ. ದೂರ ಹೆಚ್ಚಿದರೆ ಕೈಗೆ ಶ್ರಮ ಕಡಿಮೆ. ಹಳೆಯ ಲಾರಿಗಳಲ್ಲಿ 18 ಇಂಚಿನ, 20 ಇಂಚಿನ ಚಕ್ರಗಳು ಸಾಮಾನ್ಯವಾಗಿದ್ದುದು ಇದಕ್ಕಾಗಿ. 18 ಇಂಚಿನದನ್ನು 15 ಇಂಚಿಗೆ ಇಳಿಸಿದರೆ ತ್ರಿಜ್ಯ 9 ಇಂಚಿನಿಂದ ಏಳೂವರೆಗೆ ಬರುತ್ತದೆ. ಅಂದರೆ ಮೊದಲು 20 ಕಿಲೋ ಬಲ ಬೇಕಾಗಿದ್ದ ತಿರುವಿಗೆ ಈಗ 24 ಕಿಲೋ ಬೇಕು. 20 ಇಂಚಿನದನ್ನು 16ಕ್ಕೆ ಇಳಿಸಿದರೆ ಅದೇ 20 ಕಿಲೋ 25 ಆಗುತ್ತದೆ. ಕಾಗದದ ಮೇಲೆ ಈ ಐದನೆಯ ಒಂದು ಪಾಲು, ನಾಲ್ಕನೆಯ ಒಂದು ಪಾಲು ದೊಡ್ಡದಾಗಿ ತೋರಲಾರದು. ಅನಮೋಡದ ತಿರುವಿನಲ್ಲಿ, ಹೇರು ಹೊತ್ತ ಗಾಡಿಯಲ್ಲಿ, ಹತ್ತನೆಯ ಸಲ ಚಕ್ರವನ್ನು ಎಳೆಯುವ ಭುಜಕ್ಕೆ ಅದರ ಅರ್ಥ ಬೇರೆ.

ಇದರ ಎದುರಿನ ಲಾಭವೂ ಒಂದಿದೆ. 18 ಇಂಚಿನ ಚಕ್ರದ ಸುತ್ತಳತೆ ಸುಮಾರು ಐವತ್ತಾರೂವರೆ ಇಂಚು. 15 ಇಂಚಿನದರದ್ದು ನಲವತ್ತೇಳು. ಒಂದು ಪೂರ್ಣ ಸುತ್ತಿಗೆ ಕೈ ಒಂಬತ್ತೂವರೆ ಇಂಚಿನಷ್ಟು ಕಡಿಮೆ ಓಡಾಡುತ್ತದೆ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಐದಾರು ಸುತ್ತು ಬೇಡುವ ಹಳೆಯ ಲಾರಿಯಲ್ಲಿ ಈ ಉಳಿತಾಯ ಕೈಗೆ ಗೊತ್ತಾಗುತ್ತದೆ. ಸನ್ನೆ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವುದು ಹೊಸ ಸಂಗತಿಯೇನಲ್ಲ.

ದೊಡ್ಡ ಚಕ್ರದ ಅಗತ್ಯವನ್ನು ತಗ್ಗಿಸಿದ್ದು ಪವರ್ ಸ್ಟಿಯರಿಂಗ್. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲಿ ಪಿಯರ್ಸ್–ಆರೋ ಗಾಡಿಯೊಂದಕ್ಕೆ ಎಣ್ಣೆಯ ಒತ್ತಡದಿಂದ ನೆರವಾಗುವ ಸ್ಟಿಯರಿಂಗ್ ಜೋಡಿಸಿ ತೋರಿಸಿದನು. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನೊಂದಿಗೆ. ನಮ್ಮ ಲಾರಿಗಳಿಗೆ ಅದು ತಲುಪುವಷ್ಟರಲ್ಲಿ ಒಂದು ತಲೆಮಾರಿನ ಚಾಲಕರು ದುಡಿದು ನಿವೃತ್ತರಾಗಿದ್ದರು. ಇಂದಿಗೂ ಲಾರಿ, ಬಸ್ಸುಗಳ ಚಕ್ರ ಕಾರಿನ ಚಕ್ರಕ್ಕಿಂತ ದೊಡ್ಡದೇ. ದಾರಿಯ ನಡುವೆ ಪಂಪ್ ಕೆಟ್ಟರೆ ಗಾಡಿಯನ್ನು ಬದಿಗೆ ತರುವಷ್ಟು ಸನ್ನೆ ಚಾಲಕನ ಕೈಯಲ್ಲಿ ಉಳಿದಿರಬೇಕು.

ನಮ್ಮಲ್ಲಿ ‘ಹಳೆಯ ಲಾರಿ’ ಎಂದರೆ ಯಾವುದು? ಜನರಲ್ ಮೋಟರ್ಸ್ 1928ರಿಂದಲೇ ಮುಂಬಯಿಯ ಶಿವಡಿಯಲ್ಲಿ ಬಿಡಿಭಾಗಗಳನ್ನು ತರಿಸಿ ಗಾಡಿ ಜೋಡಿಸುತ್ತಿತ್ತು. 1954ರಲ್ಲಿ ಆ ಕಾರ್ಖಾನೆ ಮುಚ್ಚಿತು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಕುರ್ಲಾದಿಂದ ಡಾಡ್ಜ್, ಫಾರ್ಗೋ ಲಾರಿಗಳನ್ನು ಹೊರತಂದಿತು. ಕಲ್ಕತ್ತೆಯ ಬಳಿಯ ಉತ್ತರಪಾರಾದಿಂದ ಹಿಂದುಸ್ತಾನ್ ಮೋಟರ್ಸ್‌ನ ಬೆಡ್‌ಫರ್ಡ್ ಬಂತು. ಮದ್ರಾಸಿನ ಎಣ್ಣೂರಿನಲ್ಲಿ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಗಿ ‘ಕಾಮೆಟ್’ ಲಾರಿಯನ್ನು ಇಳಿಸಿತು. ಇವೆಲ್ಲಕ್ಕಿಂತ ಹೆಚ್ಚಾಗಿ ಕನ್ನಡ ನಾಡಿನ ನೆನಪಿನಲ್ಲಿ ನಿಂತದ್ದು ಜಮ್‌ಶೆಡ್‌ಪುರದ ಟಾಟಾ–ಮರ್ಸಿಡಿಸ್ ಬೆಂಝ್. 1954ರಲ್ಲಿ ಜರ್ಮನಿಯ ಡೈಮ್ಲರ್–ಬೆಂಝ್ ಜೊತೆಗಾದ ಒಪ್ಪಂದದ ಫಲವಾಗಿ ಹುಟ್ಟಿದ ಆ ಲಾರಿಗೆ ಮುಂದೆ ಉದ್ದನೆಯ ಮೂತಿ, ಮೂತಿಯ ತುದಿಯಲ್ಲಿ ಮೂರು ಮೂಲೆಯ ನಕ್ಷತ್ರ. 1969ರಲ್ಲಿ ಒಪ್ಪಂದ ಮುಗಿದಾಗ ನಕ್ಷತ್ರ ಹೋಗಿ ವೃತ್ತದೊಳಗಿನ ‘ಟಿ’ ಬಂತು. ಜನರ ಬಾಯಲ್ಲಿ ಅನಂತರವೂ ಎಷ್ಟೋ ಕಾಲ ಅದು ಬೆಂಝ್ ಲಾರಿಯೇ ಆಗಿತ್ತು.

ಈ ಲಾರಿಗಳು ಗೋವೆಯೊಳಗೆ ನಿರಾತಂಕವಾಗಿ ಬರತೊಡಗಿದ್ದು 1961ರ ಡಿಸೆಂಬರ್ 19ರ ವಿಮೋಚನೆಯ ನಂತರ. ಇಲ್ಲೊಂದು ಸ್ವಾರಸ್ಯವಿದೆ. ಪೋರ್ಚುಗಲ್ 1928ರಲ್ಲಿಯೇ ರಸ್ತೆಯ ಬಲಬದಿಗೆ ಬದಲಾಗಿತ್ತು. ಅದರ ಆಳ್ವಿಕೆಯಲ್ಲಿದ್ದ ಗೋವೆ ಮಾತ್ರ ನೆರೆಯ ಬ್ರಿಟಿಷ್ ಭಾರತದಂತೆ ಎಡಬದಿಯಲ್ಲೇ ಉಳಿಯಿತು. ಆದ್ದರಿಂದ ಗಡಿ ತೆರೆದಾಗ ಧಾರವಾಡದ ಚಾಲಕನು ತನ್ನ ಅಭ್ಯಾಸವನ್ನು ಬದಲಿಸಬೇಕಾಗಲಿಲ್ಲ. ಅದೇ ಬಲಗೈ ಬದಿಯ ಚಕ್ರ, ಅದೇ ಎಡಬದಿಯ ರಸ್ತೆ. ಬದಲಾದದ್ದು ಘಟ್ಟ, ಮಳೆ ಮತ್ತು ಕೆಂಪು ಮಣ್ಣಿನ ಕೆಸರು.

ವಿಜಯ ಸಂಕೇಶ್ವರರು 1976ರಲ್ಲಿ ಗದುಗಿನಲ್ಲಿ ಒಂದೇ ಲಾರಿಯಿಂದ ಸಾಗಣೆ ವ್ಯವಹಾರ ಆರಂಭಿಸಿದ ಕಥೆ ಈಗ ಚಲನಚಿತ್ರವೂ ಆಗಿದೆ. ಲಾರಿಯ ಮಾಲೀಕರ ಇಂತಹ ಏಳಿಗೆಯ ಕಥೆಗಳು ನಮ್ಮಲ್ಲಿ ಸಾಕಷ್ಟಿವೆ. ಚಾಲಕನ ಕೈಯ ಕಥೆ ಅಷ್ಟಾಗಿ ಬರೆಯಲ್ಪಟ್ಟಿಲ್ಲ. ಹಳೆಯ ಚಕ್ರದ ಮೇಲೆ ಅದು ಗುರುತಾಗಿ ಉಳಿದಿದೆ. ಬೆರಳು ಕೂರುವ ಕಡೆ ಸವೆದ ಹಳ್ಳಗಳು, ಬೆವರಿನಿಂದ ಹೊಳಪೇರಿದ ಮೇಲ್ಭಾಗ, ಬಿಸಿಲಿಗೆ ಸುಡದಿರಲೆಂದು ಸುತ್ತಿದ ದಾರದ ಗುರುತು. ಅದರ ಮೇಲೆ ಗರಗಸ ಇಡುವವನು ಇದನ್ನು ಒಮ್ಮೆ ನೋಡಿದರೆ ಒಳ್ಳೆಯದು.

ಆ ಚಾಲಕರು ಚಕ್ರವನ್ನು ತೋಳಿನಿಂದಷ್ಟೇ ಅಲ್ಲ, ಯುಕ್ತಿಯಿಂದಲೂ ತಿರುಗಿಸುತ್ತಿದ್ದರು. ನಿಂತ ಗಾಡಿಯ ಚಕ್ರವನ್ನು ನಿಂತಲ್ಲೇ ತಿರುಗಿಸುವುದು ಅತ್ಯಂತ ಶ್ರಮದ ಕೆಲಸ. ಗಾಡಿ ಗೇಣುದ್ದ ಉರುಳಿದರೂ ಶ್ರಮ ಬಹಳಷ್ಟು ಇಳಿಯುತ್ತದೆ. ಹಾಗಾಗಿ ಮೊದಲು ಸ್ವಲ್ಪ ಸರಿಸಿ, ಆಮೇಲೆ ಎಳೆಯುವುದು ರೂಢಿ. ಕಲಿಯುವ ಕ್ಲೀನರ್ ಹುಡುಗನಿಗೆ ಸಿಗುತ್ತಿದ್ದ ಮೊದಲ ಪಾಠಗಳಲ್ಲಿ ಒಂದು, ಹೆಬ್ಬೆರಳನ್ನು ಬಳೆಯ ಒಳಗೆ ತೂರಿಸಬಾರದೆಂಬುದು. ಮುಂಗಾಲಿ ಗುಂಡಿಗೆ ಬಿದ್ದಾಗ ಅದರ ಪೆಟ್ಟು ಹಿಮ್ಮುಖವಾಗಿ ಚಕ್ರಕ್ಕೆ ಬಂದು, ಕಡ್ಡಿ ಹೊಡೆದು ಹೆಬ್ಬೆರಳು ಮುರಿಯುತ್ತಿತ್ತು. ಚಕ್ರ ಚಿಕ್ಕದಾದಷ್ಟೂ ಈ ಪೆಟ್ಟು ಕೈಗೆ ಜೋರಾಗಿಯೇ ತಟ್ಟುತ್ತದೆ. ಸನ್ನೆಯ ಲೆಕ್ಕ ಎರಡೂ ದಿಕ್ಕಿಗೆ ಒಂದೇ. ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಿದ್ದೂ ಚಿಕ್ಕದು ಮಾಡಿಸಬೇಕೆನ್ನುವವರ ಕಾರಣಗಳು ಹುಸಿಯಲ್ಲ. ಹಳೆಯ ಕ್ಯಾಬಿನ್ನುಗಳು ಇಕ್ಕಟ್ಟು. ಅವುಗಳ ಸೀಟು ತೆಳುವಾದ ಮೆತ್ತೆ; ಅದನ್ನು ತೆಗೆದು ದಪ್ಪನೆಯ ಹೊಸ ಸೀಟು ಹಾಕಿದಾಗ ಕುಳಿತವನು ಎರಡು ಮೂರು ಇಂಚು ಮೇಲಕ್ಕೂ ಮುಂದಕ್ಕೂ ಬರುತ್ತಾನೆ. ತೊಡೆ ಬಳೆಗೆ ತಾಗುತ್ತದೆ, ಕ್ಲಚ್ ಒತ್ತಲು ಕಾಲೆತ್ತಿದಾಗ ಮೊಣಕಾಲು ಸಿಕ್ಕಿಕೊಳ್ಳುತ್ತದೆ. ಆ ಕ್ಷಣದಲ್ಲಿ ಬ್ರೇಕಿಗೆ ಕಾಲು ತಡವಾದರೆ ಅದು ಸೌಕರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹಿಂದೆ ಅದೇ ಲಾರಿ ಓಡಿಸಿದವನಿಗೆ ಈಗ ಎಪ್ಪತ್ತಾಗಿರಬಹುದು. ಹೊಟ್ಟೆ ಮುಂದೆ ಬಂದಿದೆ, ಭುಜ ಹಿಂದೆ ಸರಿದಿದೆ. ತಂದೆ ಓಡಿಸಿದ ಗಾಡಿಯಲ್ಲಿ ತಂದೆಯನ್ನೇ ಒಮ್ಮೆ ಕೂರಿಸಬೇಕೆಂಬ ಮಗನ ಆಸೆಯನ್ನು ಲೆಕ್ಕದ ಸೂತ್ರದಿಂದ ಅಲ್ಲಗಳೆಯಲಾಗದು. ಪವರ್ ಸ್ಟಿಯರಿಂಗ್ ಅಳವಡಿಸಿದ ಗಾಡಿಯಲ್ಲಂತೂ ದೊಡ್ಡ ಚಕ್ರ ನಿಜಕ್ಕೂ ಅತಿಯೇ. ಬೆರಳು ತಾಗಿದರೆ ಗಾಡಿ ಹೊರಳುತ್ತದೆ, ರಸ್ತೆಯ ಸುಳಿವು ಕೈಗೆ ಸಿಗುವುದಿಲ್ಲ.

ಇಂತಹವರು ಮೊದಲು ಕೇಳಿಕೊಳ್ಳಬೇಕಾದದ್ದು ಸ್ಟಿಯರಿಂಗ್ ನಿಜವಾಗಿ ಬಿಗಿಯಾಗಿರುವುದು ಎಲ್ಲಿ ಎಂದು. ಹತ್ತಾರು ವರ್ಷ ಶೆಡ್ಡಿನಲ್ಲಿ ನಿಂತ ಲಾರಿಯ ಕಿಂಗ್‌ಪಿನ್ನುಗಳಲ್ಲಿ ಗ್ರೀಸ್ ಒಣಗಿ ಕಲ್ಲಾಗಿರುತ್ತದೆ. ಕಿಂಗ್‌ಪಿನ್ನಿನ ಕೆಳಗೆ ಭಾರ ಹೊರುವ ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಟೈರಿನಲ್ಲಿ ಗಾಳಿ ಕಡಿಮೆಯಿರುತ್ತದೆ, ಅಥವಾ ಅಂದಕ್ಕಾಗಿ ಹಾಕಿದ ಅಗಲ ಟೈರು ನೆಲವನ್ನು ಹೆಚ್ಚು ಕಚ್ಚುತ್ತದೆ. ಸ್ಟಿಯರಿಂಗ್ ಪೆಟ್ಟಿಗೆಯಲ್ಲಿ ಎಣ್ಣೆಯೇ ಇರುವುದಿಲ್ಲ. ಮುಂಗಾಲಿಗಳೆರಡನ್ನೂ ಜ್ಯಾಕ್ ಹಾಕಿ ನೆಲದಿಂದೆತ್ತಿ ಚಕ್ರವನ್ನು ತಿರುಗಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಗಾಲಿ ಗಾಳಿಯಲ್ಲಿರುವಾಗಲೂ ಬಿಗಿಯಾಗಿದ್ದರೆ ದೋಷ ಪಿನ್ನಿನಲ್ಲೋ ಪೆಟ್ಟಿಗೆಯಲ್ಲೋ ಇದೆ. ಇಂತಹ ಗಾಡಿಗೆ ಚಿಕ್ಕ ಚಕ್ರ ಹಾಕುವುದೆಂದರೆ ಜ್ವರ ಬಂದವನಿಗೆ ಕಂಬಳಿ ಬದಲಿಸಿದಂತೆ. ಸರಿಯಾಗಿ ಗ್ರೀಸ್ ಕಂಡ ಹಳೆಯ ಲಾರಿ, ಹೇರಿಲ್ಲದೆ ಓಡುವಾಗ, ಜನ ಅಂದುಕೊಂಡಷ್ಟು ಭಾರವಾಗಿರುವುದಿಲ್ಲ. ಪ್ರದರ್ಶನಕ್ಕೆಂದು ಉಳಿಸಿಕೊಂಡ ಲಾರಿ ಹೇರು ಹೊರುವುದಾದರೂ ಎಲ್ಲಿ?

ಇಷ್ಟಾದ ಮೇಲೂ ಕತ್ತರಿಸಲೇಬೇಕೆಂದಾದರೆ ಕೆಲಸದ ಸ್ವರೂಪ ಹೀಗೆ. ಹಳೆಯ ಚಕ್ರದೊಳಗೆ ಉಕ್ಕಿನ ಒಂದು ಬಳೆಯೂ ಅದನ್ನು ನಡುವಿನ ಗುಂಬಕ್ಕೆ ಸೇರಿಸುವ ಮೂರೋ ನಾಲ್ಕೋ ಕಡ್ಡಿಗಳೂ ಇರುತ್ತವೆ. ಅದರ ಮೇಲೆ ಗಟ್ಟಿ ರಬ್ಬರಿನ ಅಥವಾ ಬೇಕಲೈಟಿನ ಜಾತಿಯ ಪ್ಲಾಸ್ಟಿಕ್ಕಿನ ಹೊದಿಕೆ. ಈ ಹೊದಿಕೆ ವಯಸ್ಸಾದಂತೆ ಕುಗ್ಗುತ್ತದೆ, ಒಳಗಿನ ಉಕ್ಕು ಕುಗ್ಗುವುದಿಲ್ಲ. ಹಾಗಾಗಿ ಹಳೆಯ ಚಕ್ರಗಳೆಲ್ಲ ಕಡ್ಡಿ ಸೇರುವ ಕಡೆ ಬಿರುಕು ಬಿಟ್ಟಿರುತ್ತವೆ. ಕರಾವಳಿಯಲ್ಲಿ ಆ ಬಿರುಕಿನೊಳಗೆ ಉಪ್ಪುಗಾಳಿ ಹೊಕ್ಕು ಉಕ್ಕು ತುಕ್ಕಾಗಿ ಊದಿ, ಬಿರುಕನ್ನು ಇನ್ನಷ್ಟು ಅಗಲಿಸುತ್ತದೆ. ಗೋವೆಯಲ್ಲಿ ನಿಂತ ಗಾಡಿಯ ಚಕ್ರವನ್ನು ಹೊರಗಿನಿಂದ ನೋಡಿ ನಂಬುವಂತಿಲ್ಲ.

ಬಳೆಯನ್ನೇ ಬಗ್ಗಿಸಿ ಚಿಕ್ಕದು ಮಾಡಲಾಗದು. ಒಂಬತ್ತೂವರೆ ಇಂಚು ತುಂಡು ತೆಗೆದು ಉಳಿದದ್ದನ್ನು ಕೂಡಿಸಿದರೆ ಬಾಗು ಹೊಂದುವುದಿಲ್ಲ; ಬಾಗಿಸಹೊರಟರೆ ಹೊದಿಕೆ ಒಡೆಯುತ್ತದೆ. ಆದ್ದರಿಂದ ಬಲ್ಲವರು ಹಳೆಯ ಬಳೆಯನ್ನು ಬಿಡಿಸಿ, ಪ್ರತಿ ಕಡ್ಡಿಯಿಂದ ಒಂದೂವರೆ ಇಂಚು ಕಳೆದು, 15 ಇಂಚಿನ ಬೇರೆಯೇ ಒಂದು ಬಳೆಯನ್ನು ಸೇರಿಸುತ್ತಾರೆ. ಆ ಬಳೆ ಗುಜರಿಯಿಂದ ತಂದ ಇನ್ನೊಂದು ಗಾಡಿಯದಿರಬಹುದು, ಇಲ್ಲವೆ ಉಕ್ಕಿನ ಸರಳನ್ನು ಸುತ್ತಿ ಮಾಡಿದ್ದಿರಬಹುದು. ಅನಂತರ ಎಪಾಕ್ಸಿಯಿಂದ ಮೈ ತುಂಬಿ, ಹಳೆಯದರಂತೆ ಬೆರಳಿನ ಅಚ್ಚುಗಳನ್ನು ಕೆತ್ತಿ, ಉಜ್ಜಿ, ಬಣ್ಣ ಬಳಿಯುತ್ತಾರೆ. ನಡುವಿನ ಗುಂಬ, ಹಾರ್ನಿನ ಗುಂಡಿ, ಕಂಪನಿಯ ಗುರುತು ಎಲ್ಲವೂ ಮೂಲದ್ದೇ ಉಳಿಯುವುದರಿಂದ ನೋಡುಗನಿಗೆ ಚಕ್ರ ಹಳೆಯದೇ ಎನಿಸುತ್ತದೆ. ಅಮೆರಿಕದಲ್ಲಿ ಹಳೆಯ ಶೆವ್ರೊಲೆ, ಫೋರ್ಡ್ ಪಿಕಪ್‌ಗಳನ್ನು ಪ್ರೀತಿಯಿಂದ ಸಾಕುವವರ ನಡುವೆ ಈ ಕುಶಲ ಕೆಲಸಕ್ಕೆ ದೊಡ್ಡ ಬೇಡಿಕೆಯಿದೆ.

ಕಷ್ಟವಿರುವುದು ಕಣ್ಣಿಗೆ ಕಾಣದ ಕಡೆ. ಕಡ್ಡಿ ಮತ್ತು ಬಳೆಯ ಬೆಸುಗೆ ಒಂದು ಕ್ಷಣದ ಎಳೆತಕ್ಕೆ ಬಿಟ್ಟರೆ ಚಾಲಕನ ಕೈಯಲ್ಲಿ ಬಳೆ ಉಳಿಯುತ್ತದೆ, ಲಾರಿ ತನ್ನ ದಾರಿ ಹಿಡಿಯುತ್ತದೆ. ಎಪಾಕ್ಸಿ, ಬಣ್ಣಗಳ ಕೆಳಗೆ ಅಡಗಿದ ಕೆಟ್ಟ ಬೆಸುಗೆಯನ್ನು ಆಮೇಲೆ ಯಾರೂ ಪತ್ತೆ ಹಚ್ಚಲಾರರು. ಬೆಸುಗೆ ಹಾಕಿದವನೇ ಅದನ್ನು ಮುಚ್ಚುವ ಮುನ್ನ ಮೈಭಾರ ಹಾಕಿ ಎಳೆದು ನೋಡಬೇಕು. ನಡುವಿನ ಗುಂಬಕ್ಕೆ ಬೆಂಕಿ ತಾಗಿಸಲೇಬಾರದು. ಎರಕದ ಗುಂಬ ಬಿಸಿಗೆ ಸೀಳುತ್ತದೆ, ಕಂಬದ ಹಲ್ಲುಗಳಿಗೆ ಕೂರುವ ಒಳಮೈ ಸೊಟ್ಟಗಾಗುತ್ತದೆ. ಕಡ್ಡಿಗಳು ಬಟ್ಟಲಿನಂತೆ ಮೇಲಕ್ಕೆ ಬಾಗಿದ್ದರೆ ಇನ್ನೊಂದು ತೊಡಕು: ತುದಿಯಿಂದ ಕತ್ತರಿಸಿದಷ್ಟೂ ಬಳೆ ಗುಂಬದ ಕಡೆಗೆ, ಎಂದರೆ ಚಾಲಕನಿಂದ ದೂರಕ್ಕೆ ಇಳಿಯುತ್ತದೆ. ಕಂಬದ ಮೇಲಿರುವ ಗೇರಿನ ಹಿಡಿ ಬಳೆಯಿಂದ ಹೊರಚಾಚಿ ಮೊಣಕಾಲಿಗೆ ತಾಗಬಹುದು. ಇದೆಲ್ಲ ಗರಗಸ ಎತ್ತುವ ಮೊದಲೇ ರಟ್ಟಿನ ಬಳೆಯೊಂದನ್ನು ಕತ್ತರಿಸಿ, ಕಂಬಕ್ಕೆ ಕಟ್ಟಿ, ಸೀಟಿನಲ್ಲಿ ಕುಳಿತು ನೋಡಬಹುದಾದ ಸಂಗತಿ. ರಟ್ಟಿಗೆ ಖರ್ಚಿಲ್ಲ.

ಇನ್ನು ‘ಪ್ಲೇ’. ಚಕ್ರ ತಿರುಗಿದರೂ ಗಾಲಿ ತಿರುಗದ ಆ ಸಡಿಲು ಹಳೆಯ ಲಾರಿಗಳಲ್ಲಿ ಇದ್ದೇ ಇರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮ ಅದನ್ನು ಚಕ್ರದ ಮೇಲೆ 30 ಡಿಗ್ರಿಗೆ ಮಿತಿಗೊಳಿಸಿದೆ. 18 ಇಂಚಿನ ಚಕ್ರದ ಅಂಚಿನಲ್ಲಿ 30 ಡಿಗ್ರಿ ಎಂದರೆ ನಾಲ್ಕೂಮುಕ್ಕಾಲು ಇಂಚಿನಷ್ಟು; 15 ಇಂಚಿನದರಲ್ಲಿ ನಾಲ್ಕಕ್ಕಿಂತ ತುಸು ಕಡಿಮೆ. ಕೈಯ ಅಂದಾಜನ್ನು ನೆಚ್ಚುವವನಿಗೆ ಚಕ್ರ ಚಿಕ್ಕದಾದ ಮೇಲೆ ಪ್ಲೇ ಕಡಿಮೆಯಾದಂತೆ ತೋರುತ್ತದೆ. ಪೆಟ್ಟಿಗೆಯೊಳಗೆ ಸವೆದ ಹಲ್ಲು ಹಾಗೆಯೇ ಇರುತ್ತದೆ. ಇದು ಅಪಾಯದ ಭ್ರಮೆ.

ಕಾನೂನಿನ ಮಾತೂ ಬರಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ನೋಂದಣಿ ಪುಸ್ತಕದಲ್ಲಿ ಸ್ಟಿಯರಿಂಗ್ ಚಕ್ರದ ವ್ಯಾಸ ಬರೆಯುವ ಅಂಕಣವೇನೂ ಇಲ್ಲ, ನಿಜ. ಆದರೆ ಪವರ್ ಸ್ಟಿಯರಿಂಗ್ ಅಳವಡಿಸಿ, ಚಕ್ರವನ್ನೂ ಬದಲಿಸಿ, ಅಪಘಾತವೊಂದರ ನಂತರ ವಿಮೆಯವರೆದುರು ನಿಂತಾಗ ‘ಅಂಕಣವಿರಲಿಲ್ಲ’ ಎಂಬ ವಾದ ಎಷ್ಟು ದೂರ ನಡೆದೀತು? ಆರ್‌ಟಿಓ ಕಚೇರಿಯಲ್ಲಿ ಮೊದಲೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳುವುದು ವಿವೇಕ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮಗಳು 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಕೊಟ್ಟಿವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಅವು ದ್ವಿಚಕ್ರ, ಚತುಶ್ಚಕ್ರ ವಾಹನಗಳನ್ನು, ಅದರಲ್ಲೂ ಸ್ವಂತ ಬಳಕೆಯವನ್ನು, ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಹಿಂದೆ ಜೋಡಿಗಾಲಿ ಹೊತ್ತು ಬಾಡಿಗೆಗೆ ದುಡಿದ ಲಾರಿಯ ನೆನಪು ನಿಯಮ ಬರೆದವರಿಗೆ ಬಂದಂತಿಲ್ಲ. ಅರಸರ ಕಾರಿಗೆ ಪರಂಪರೆಯ ಪಟ್ಟ, ರೈತನ ಬೆಳೆ ಹೊತ್ತ ಲಾರಿಗೆ ಗುಜರಿಯ ದಾರಿ. ಇದು ಹೊಸ ಅನ್ಯಾಯವಲ್ಲವಾದರೂ ಅನ್ಯಾಯವೇ.

ಸಂಗ್ರಹಾಲಯಗಳಲ್ಲಿಯೂ ಹೆಚ್ಚು ಕಡಿಮೆ ಇದೇ ನೋಟ. ಫಾತೋರ್ಡಾಕ್ಕೆ ಹತ್ತಿರದ ನುವೇಂನಲ್ಲಿ ಹಳೆಯ ಕಾರುಗಳ ‘ಅಶ್ವೇಕ್ ವಿಂಟೇಜ್ ವರ್ಲ್ಡ್’ ಇದೆ. ಬಾಣಾವಲಿಯ ‘ಗೋವಾ ಚಿತ್ರ’ದವರ ‘ಗೋವಾ ಚಕ್ರ’ದಲ್ಲಿ ಎತ್ತಿನ ಬಂಡಿ, ಕುದುರೆ ಗಾಡಿಗಳನ್ನು ಕೂಡಿಹಾಕಿದ್ದಾರೆ. ಧರ್ಮಸ್ಥಳದ ಮಂಜೂಷಾ ಮತ್ತು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಹಳೆಯ ಕಾರುಗಳಿಗೆ ಹೆಸರಾಗಿವೆ. ಎಲ್ಲವೂ ನೋಡತಕ್ಕವೇ. ಬಂಡಿಗೂ ಕಾರಿಗೂ ನಡುವೆ ಬಂದು, ಅರ್ಧ ಶತಮಾನ ನಾಡಿನ ಹೊರೆ ಹೊತ್ತ ಮೂತಿ ಲಾರಿಗೆ ಇಷ್ಟು ಅಕ್ಕರೆಯ ಜಾಗ ಸಿಗುವುದು ಅಪರೂಪ. ಹೀಗಿರುವಾಗ ಖಾಸಗಿಯವರ ಶೆಡ್ಡಿನಲ್ಲಿ ಉಳಿದ ಪ್ರತಿಯೊಂದು ಮೂಲ ಚಕ್ರಕ್ಕೂ ಬೆಲೆಯಿದೆ. ಒಮ್ಮೆ ಕತ್ತರಿಸಿದ ಕಡ್ಡಿ ಮತ್ತೆ ಬೆಳೆಯುವುದಿಲ್ಲ, ಹೊಸದಾಗಿ ಎರಕ ಹೊಯ್ಯುವ ಕಂಪನಿಯೂ ಈಗಿಲ್ಲ.

ಹಾಗೆಂದು ಗಾಡಿಯನ್ನು ಪೂಜೆಗಿಟ್ಟು ಓಡಿಸದೆ ಇರುವುದೂ ಪರಿಹಾರವಲ್ಲ. ಓಡದ ಲಾರಿ ಬೇಗ ಸಾಯುತ್ತದೆ. ನಡುವಿನ ದಾರಿ ಸರಳವಾದದ್ದೇ. ಮೂಲ ಚಕ್ರವನ್ನು ಪುಲ್ಲರ್ ಹಾಕಿ ಮೆಲ್ಲಗೆ ಕಳಚಿ, ಕಂಬ ಮತ್ತು ಗುಂಬದ ಮೇಲೆ ನೇರಕ್ಕೆ ಗುರುತು ಹಾಕಿ, ಎಣ್ಣೆಬಟ್ಟೆಯಲ್ಲಿ ಸುತ್ತಿಡುವುದು. ಓಡಿಸಲು ಗುಜರಿಯಲ್ಲಿ ಸಿಗುವ ಅದೇ ಜಾತಿಯ ಇನ್ನೊಂದು, ಬಿರುಕು ಬಿಟ್ಟು ಬಳೆ ಕೆಟ್ಟ ಚಕ್ರವನ್ನು ತಂದು, ಅದರ ಗುಂಬಕ್ಕೆ ಚಿಕ್ಕ ಬಳೆ ಕೂಡಿಸಿಕೊಳ್ಳುವುದು. ಹೇಗೂ ಹೊದಿಕೆ ಹೋದ ಚಕ್ರವಾದ್ದರಿಂದ ಅಲ್ಲಿ ನಷ್ಟವಿಲ್ಲ. ಬೇಕೆಂದಾಗ ಒಂದು ನಟ್ಟು ಬಿಚ್ಚಿದರೆ ಗಾಡಿ ಮೊದಲಿನಂತಾಗುತ್ತದೆ. ಸೀಟಿನ ದಪ್ಪ ಎರಡು ಇಂಚು ತಗ್ಗಿಸಿದರೆ, ಸೀಟಿನ ಕಾಲುಗಳನ್ನು ಅಷ್ಟೇ ಹಿಂದಕ್ಕೆ ಸರಿಸಿದರೆ, ಎಷ್ಟೋ ಕಡೆ ಚಕ್ರದ ತಂಟೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಸೀಟು ಹೊಲಿಯುವವನ ಕೂಲಿ ಲೇತಿನವನ ಕೂಲಿಗಿಂತ ಕಡಿಮೆಯೂ ಹೌದು.

ಗೋವೆಯ ಕೈಗಾರಿಕಾ ವಸಾಹತುಗಳಲ್ಲಿ, ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯ ವೆಲ್ಡರುಗಳೂ ಫಿಟ್ಟರುಗಳೂ ಧಾರಾಳವಾಗಿದ್ದಾರೆ. ಬಂಡಿಯ ಗಾಲಿಗೆ ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಏರಿಸಿ ನೀರೆರೆದು ಬಿಗಿಮಾಡುತ್ತಿದ್ದ ಕಮ್ಮಾರರ ಮನೆಗಳಿಂದ ಬಂದವರೂ ಅವರಲ್ಲಿರುತ್ತಾರೆ. ಬಳೆ, ಕಡ್ಡಿ, ಗುಂಬ ಮೂರೂ ಒಂದೇ ಕೇಂದ್ರಕ್ಕೆ ಕೂರಬೇಕೆಂಬುದನ್ನು ಅಂತಹವರಿಗೆ ಯಾರೂ ಕಲಿಸಬೇಕಾಗಿಲ್ಲ. ಚಕ್ರವನ್ನು ಕಂಬಕ್ಕೆ ಕೂರಿಸಿ, ಬಳೆಯ ಪಕ್ಕದಲ್ಲಿ ಸೀಮೆಸುಣ್ಣವನ್ನು ಅಲುಗದಂತೆ ಹಿಡಿದು ಒಂದು ಸುತ್ತು ತಿರುಗಿಸಿದರೆ ಓರೆ ಎಲ್ಲಿದೆಯೆಂದು ಬಿಳಿಯ ಗೆರೆಯೇ ಹೇಳುತ್ತದೆ. ಗೆರೆ ಸುತ್ತಲೂ ಒಂದೇ ಸಮನಾಗಿ ಬೀಳುವವರೆಗೆ ಎಪಾಕ್ಸಿಯ ಡಬ್ಬಿಯನ್ನು ತೆರೆಯಬಾರದು.